ಒಂದೇ ಪ್ರಯೋಗಾಲಯವಿರುವ ಸಣ್ಣ ಕಾಲೇಜಿನಲ್ಲಿ ಜೀವಶಾಸ್ತ್ರದ ಸಂಶೋಧನೆ ಕೈಗೂಡುತ್ತದೆಯೇ?

ಪ್ರಶ್ನೆ: ದೊಡ್ಡ ಸಂಶೋಧನಾ ಸಂಸ್ಥೆಯೊಂದರಲ್ಲಿ ಆರು ವರ್ಷ ಜೀವಕೋಶಗಳನ್ನು ಬೆಳೆಸಿ, ಅವುಗಳೊಳಗಿನ ಸಂಕೇತ ವ್ಯವಸ್ಥೆಯ ಬಗ್ಗೆ ಪಿಎಚ್.ಡಿ. ಮುಗಿಸಿದೆ. ಈಗ ಸಣ್ಣ ಕಾಲೇಜೊಂದರಲ್ಲಿ ಅಧ್ಯಾಪಕಿ. ವಾರಕ್ಕೆ 18 ಗಂಟೆ ಪಾಠ ಮತ್ತು ಪ್ರಾಯೋಗಿಕ ತರಗತಿ. ಇರುವುದು ಒಂದೇ ಪ್ರಯೋಗಾಲಯ. ಅದರಲ್ಲಿ ಎಂಟು ಸೂಕ್ಷ್ಮದರ್ಶಕ, ಒಂದು ಇನ್‌ಕ್ಯುಬೇಟರ್, ಒತ್ತಡದ ಆವಿಯಿಂದ ಕ್ರಿಮಿಶುದ್ಧಿ ಮಾಡುವ ಒಂದು ಆಟೊಕ್ಲೇವ್, ಒಂದು ತಕ್ಕಡಿ ಮತ್ತು ಹಿಂದಿನವರು ಬಿಟ್ಟುಹೋದ, ಒಣಗಿಸಿದ ಗಿಡಗಳ ಸಂಗ್ರಹವಾದ ಹರ್ಬೇರಿಯಂನ ಕಪಾಟು. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರ ಕೂಡ ಇಲ್ಲ. ವಿದ್ಯಾರ್ಥಿಗಳು ಪದವಿ ತರಗತಿಯವರು, ಒಂದು ವರ್ಷ ಜೊತೆಗಿದ್ದು ಹೊರಟುಹೋಗುತ್ತಾರೆ. ಆಡಳಿತದವರು ವರ್ಷಕ್ಕೆ ಎರಡು ಪ್ರಬಂಧ ಕೇಳುತ್ತಿದ್ದಾರೆ. 'ಯಾವುದಾದರೂ ಸಸ್ಯಸಾರದ ಸೂಕ್ಷ್ಮಾಣು ನಿರೋಧಕ ಗುಣ ಪರೀಕ್ಷಿಸಿ, ಎರಡು ತಿಂಗಳಲ್ಲಿ ಪ್ರಬಂಧ ಸಿದ್ಧವಾಗುತ್ತದೆ' ಎಂಬುದು ಸಹೋದ್ಯೋಗಿಗಳ ಸಲಹೆ. ರಜೆಯಲ್ಲಿ ಹಳೆಯ ಲ್ಯಾಬಿಗೆ ಹೋಗಿ ಕೆಲಸ ಮುಂದುವರಿಸುವುದು ಒಳ್ಳೆಯದೇ? ಇಲ್ಲಿಯೇ ಮಾಡುವುದಾದರೆ ಅದನ್ನು ನಿಜವಾದ ಸಂಶೋಧನೆ ಎನ್ನಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನೂ ದೊಡ್ಡ ಲ್ಯಾಬಿನಿಂದ ಸಣ್ಣ ಕಾಲೇಜಿಗೆ ಬಂದವನು, ಇಪ್ಪತ್ತೇಳು ವರ್ಷ ಅಲ್ಲಿಯೇ ಪಾಠ ಮಾಡಿದವನು. ಆದ್ದರಿಂದ ಪತ್ರದಲ್ಲಿರುವ ಉಪಕರಣಗಳ ಪಟ್ಟಿಗಿಂತ ಅದರ ಹಿಂದಿರುವ ಅಳುಕು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆರು ವರ್ಷ ಕಷ್ಟಪಟ್ಟು ಕೈಗೆ ಹತ್ತಿಸಿಕೊಂಡ ಕೆಲಸ ಇನ್ನು ಉಪಯೋಗಕ್ಕೆ ಬಾರದೇ ಹೋಗುತ್ತದೆಯೇ, ಇಲ್ಲಿ ಮಾಡುವುದೆಲ್ಲ ಸಂಶೋಧನೆಯ ಹೆಸರಿನಲ್ಲಿ ನಡೆಯುವ ಶಾಸ್ತ್ರವಾಗಿಬಿಡುತ್ತದೆಯೇ ಎಂಬುದೇ ನಿಮ್ಮ ಚಿಂತೆ. ನೇರವಾಗಿ ಹೇಳುತ್ತೇನೆ: ಸಣ್ಣ ಕಾಲೇಜಿನಲ್ಲಿ ನಿಜವಾದ ಸಂಶೋಧನೆ ಸಾಧ್ಯ. ಆದರೆ ಪಿಎಚ್.ಡಿ.ಯ ಪ್ರಶ್ನೆಯನ್ನೇ ಕುಗ್ಗಿಸಿ, ಕಡಿಮೆ ಉಪಕರಣದಲ್ಲಿ ಅದೇ ಕೆಲಸ ಮಾಡಲು ಹೊರಟರೆ ಸಾಧ್ಯವಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಈ ಮಾತನ್ನು ನಂಬಿ ಹೊಸ ಅಧ್ಯಾಪಕರು ಮೊದಲು ಮಾಡುವುದು ತಮ್ಮ ಹಳೆಯ ಯೋಜನೆಯ ಒಂದು ತುಂಡನ್ನು ಕತ್ತರಿಸಿಕೊಳ್ಳುವುದು. ಪ್ರಾಣಿಕೋಶಗಳನ್ನು ಬೆಳೆಸುವ ಕೆಲಸವನ್ನೇ ನೋಡಿ. ಅದಕ್ಕೆ 37 ಡಿಗ್ರಿ ಉಷ್ಣತೆ ಮತ್ತು ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್ ಬೇಕು, ಕೋಶಗಳ ದಾಸ್ತಾನನ್ನು ಕಾಯಲು ದ್ರವ ಸಾರಜನಕ ಬೇಕು, ಎರಡು ಮೂರು ದಿನಕ್ಕೊಮ್ಮೆ ಆಹಾರ ದ್ರಾವಣ ಬದಲಿಸಲು ರಜೆಯ ದಿನವೂ ಒಬ್ಬರು ಬರಬೇಕು. ಒಂದು ಸಲ ಮೈಕೊಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾ ಹತ್ತಿತೆಂದರೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೂ ಬೀಳದೆ ತಿಂಗಳುಗಳ ಕೆಲಸವನ್ನು ಕೆಡಿಸುತ್ತದೆ. ಇದೆಲ್ಲವನ್ನೂ ಹೇಗೋ ಹೊಂದಿಸಿಕೊಂಡಿರಿ ಎನ್ನೋಣ. ಆಗಲೂ ನೀವು ಎರಡು ವರ್ಷದಲ್ಲಿ ಮುಗಿಸುವುದನ್ನು ಆರು ಪಿಎಚ್.ಡಿ. ವಿದ್ಯಾರ್ಥಿಗಳಿರುವ ಲ್ಯಾಬ್ ಒಂದು ತಿಂಗಳಲ್ಲಿ ಮುಗಿಸಿರುತ್ತದೆ. ಇಲ್ಲಿ ನಿಮ್ಮ ಸಾಮರ್ಥ್ಯದ ದೋಷವೇನೂ ಇಲ್ಲ. ಆ ಪ್ರಶ್ನೆ ಹುಟ್ಟಿದ್ದೇ ಅಂಥ ಜಾಗಕ್ಕಾಗಿ.

ಹಾಗಾದರೆ ಸಣ್ಣ ಕಾಲೇಜಿನಲ್ಲಿ ಹೇರಳವಾಗಿ ಇರುವುದೇನು? ನನ್ನ ಅನುಭವದಲ್ಲಿ ಮೂರು ಸಂಗತಿಗಳು. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಇರುವ ಅವಕಾಶ, ಪ್ರತಿ ವರ್ಷವೂ ಬರುವ ಹತ್ತಾರು ಜೋಡಿ ಕಣ್ಣು ಮತ್ತು ಕೈ, ಮತ್ತು ಯಾರೂ ಬೆನ್ನಟ್ಟದ ನೆಮ್ಮದಿ. ಮೂರು ವರ್ಷದ ಅನುದಾನದ ಮೇಲೆ ನಡೆಯುವ ದೊಡ್ಡ ಲ್ಯಾಬಿಗೆ ಹತ್ತು ವರ್ಷ ತೆಗೆದುಕೊಳ್ಳುವ ಪ್ರಶ್ನೆಯನ್ನು ಕೇಳುವ ಧೈರ್ಯ ಬರುವುದು ಅಪರೂಪ. ನೀವು ಅದನ್ನು ಕೇಳಬಹುದು.

ಇದಕ್ಕೆ ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಉದಾಹರಣೆ ವಿಲಿಯಂ ಬೀಲ್ ಅವರದು. ಇಂದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯವಾಗಿರುವ ಸಂಸ್ಥೆ 1879ರಲ್ಲಿ ಇನ್ನೂ ಒಂದು ಕೃಷಿ ಕಾಲೇಜು. ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬೀಲ್, ಮಣ್ಣಿನಲ್ಲಿ ಹೂತ ಕಳೆಬೀಜಗಳು ಎಷ್ಟು ವರ್ಷ ಜೀವ ಹಿಡಿದಿರುತ್ತವೆ ಎಂದು ತಿಳಿಯಲು 20 ಬಾಟಲಿಗಳಲ್ಲಿ ಮರಳು ತುಂಬಿ, ಇಪ್ಪತ್ತಕ್ಕೂ ಹೆಚ್ಚು ಬಗೆಯ ಗಿಡಗಳ ತಲಾ 50 ಬೀಜಗಳನ್ನು ಅದರಲ್ಲಿ ಬೆರೆಸಿ, ಬಾಯಿ ಕೆಳಮುಖವಾಗಿಟ್ಟು ಹೂತರು. ಐದು ವರ್ಷಕ್ಕೊಂದು ಬಾಟಲಿ ತೆಗೆಯುವುದು ಮೊದಲ ಯೋಜನೆ. ಮುಂದೆ ಅದನ್ನು ಹತ್ತು ವರ್ಷಕ್ಕೂ ಆಮೇಲೆ ಇಪ್ಪತ್ತು ವರ್ಷಕ್ಕೂ ವಿಸ್ತರಿಸಿದರು. 2021ರಲ್ಲಿ ಅವರ ಉತ್ತರಾಧಿಕಾರಿಗಳು ಒಂದು ಬಾಟಲಿಯನ್ನು ಅಗೆದು ತೆಗೆದಾಗ 142 ವರ್ಷ ಮಣ್ಣಿನೊಳಗಿದ್ದ ವರ್ಬಾಸ್ಕಮ್ ಎಂಬ ಕಳೆಗಿಡದ ಬೀಜಗಳು ಮತ್ತೆ ಮೊಳೆತವು. ಇಡೀ ಪ್ರಯೋಗಕ್ಕೆ ಬೇಕಾದದ್ದು ಬಾಟಲಿ, ಮರಳು, ಬೀಜ ಮತ್ತು ಎಲ್ಲಿ ಹೂತಿದ್ದೇವೆ ಎಂಬ ನಕ್ಷೆ. ಆ ನಕ್ಷೆಯನ್ನು ಒಬ್ಬರಿಂದ ಒಬ್ಬರಿಗೆ ಜೋಪಾನವಾಗಿ ದಾಟಿಸಿದ್ದನ್ನು ನಾನು ಪ್ರಯೋಗದ ಮುಖ್ಯ ಭಾಗವೆಂದೇ ಎಣಿಸುತ್ತೇನೆ.

ಪದವಿ ವಿದ್ಯಾರ್ಥಿಗಳಿಂದ ನಂಬಬಹುದಾದ ದತ್ತಾಂಶ ಬರುವುದಿಲ್ಲ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರಬೇಕು. ವರ್ಣತಂತುವಿನ ಮೇಲೆ ಜೀನ್‌ಗಳು ಯಾವ ಕ್ರಮದಲ್ಲಿವೆ ಎಂಬ ಮೊಟ್ಟಮೊದಲ ನಕ್ಷೆಯನ್ನು 1911ರಲ್ಲಿ ರಚಿಸಿದ ಆಲ್ಫ್ರೆಡ್ ಸ್ಟರ್ಟೆವಂಟ್ ಆಗಿನ್ನೂ ಪದವಿ ವಿದ್ಯಾರ್ಥಿ. ಅದು ಪ್ರಕಟವಾದದ್ದು 1913ರಲ್ಲಿ. ಅವರು ಕೆಲಸ ಮಾಡಿದ, ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರ ಪ್ರಸಿದ್ಧ ಹಣ್ಣುನೊಣಗಳ ಕೋಣೆಯ ಅಳತೆ 16 ಅಡಿಗೆ 23 ಅಡಿ, ನೊಣಗಳ ವಾಸ ಹಾಲಿನ ಬಾಟಲಿಗಳಲ್ಲಿ. ಸ್ಟರ್ಟೆವಂಟ್ ಅಸಾಧಾರಣ ಪ್ರತಿಭೆ, ಅಂಥವರು ಎಲ್ಲಿ ಸಿಗುತ್ತಾರೆ ಎಂದು ನೀವು ಕೇಳಬಹುದು. ಅದಕ್ಕೇ ಇನ್ನೊಂದು ಉದಾಹರಣೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಫೇಜ್ ಎಂಬ ವೈರಸ್‌ಗಳನ್ನು ಮಣ್ಣಿನಿಂದ ಬೇರ್ಪಡಿಸುವುದನ್ನು ತರಗತಿಯ ಪ್ರಾಯೋಗಿಕ ಪಾಠವಾಗಿಸಿದ ಸೀ-ಫೇಜಸ್ ಎಂಬ ಕಾರ್ಯಕ್ರಮ 2008ರಿಂದ ನಡೆಯುತ್ತಿದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅದರ ರೂವಾರಿ. ಇದೇ ರೀತಿಯ ಕಲಿಕೆಯ ಭಾಗವಾಗಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿದ್ಯಾರ್ಥಿನಿಯೊಬ್ಬರು ಕೊಳೆಯುತ್ತ ಬಿದ್ದಿದ್ದ ಬದನೆಕಾಯಿಯ ಅಡಿಭಾಗದಿಂದ ಒಂದು ಫೇಜನ್ನು ಬೇರ್ಪಡಿಸಿ ಅದಕ್ಕೆ 'ಮಡ್ಡಿ' ಎಂದು ಹೆಸರಿಟ್ಟರು. ಮುಂದೆ ಲಂಡನ್ನಿನಲ್ಲಿ ಶ್ವಾಸಕೋಶದ ಕಸಿಯ ಬಳಿಕ ಯಾವ ಔಷಧಕ್ಕೂ ಬಗ್ಗದ ಸೋಂಕಿನಿಂದ ನರಳುತ್ತಿದ್ದ 15 ವರ್ಷದ ರೋಗಿಗೆ ಕೊಟ್ಟ ಮೂರು ಫೇಜ್‌ಗಳ ಮಿಶ್ರಣದಲ್ಲಿ ಮಡ್ಡಿಯೂ ಒಂದಾಗಿತ್ತು. ರೋಗಿಯ ಸ್ಥಿತಿ ಸ್ಪಷ್ಟವಾಗಿ ಸುಧಾರಿಸಿದ್ದನ್ನು 2019ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆ ಪ್ರಕಟಿಸಿತು. ಆ ಬದನೆಕಾಯಿಯನ್ನು ಎತ್ತಿಕೊಂಡ ದಿನ ಅದು ಎಲ್ಲಿಗೆ ತಲುಪುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಆದರೆ ತಂದ ಮಾದರಿಗೆ ಸರಿಯಾದ ಹೆಸರು, ಜಾಗ, ದಿನಾಂಕ ಬರೆದಿಟ್ಟು ಸಂಗ್ರಹಕ್ಕೆ ಸೇರಿಸಿದ್ದರಿಂದಲೇ ಅದು ಬೇಕಾದಾಗ ಸಿಕ್ಕಿತು.

ಇನ್ನು ಸಹೋದ್ಯೋಗಿಗಳ ಸಲಹೆಯ ವಿಚಾರ. ಸಸ್ಯಸಾರದ ಕೆಲಸವನ್ನು ನಾನು ಹೀಗಳೆಯುವುದಿಲ್ಲ. ಚೆನ್ನಾಗಿ ಮಾಡಿದರೆ ಅದು ಘನವಾದ ವಿಜ್ಞಾನ. ಎರಡು ತಿಂಗಳಲ್ಲಿ ಮುಗಿಯುವ ರೂಪದಲ್ಲಿ ಮಾತ್ರ ಅದರಿಂದ ಏನೂ ತಿಳಿಯುವುದಿಲ್ಲ. ಸಾಮಾನ್ಯವಾಗಿ ನಡೆಯುವುದು ಹೀಗೆ: ಎಲೆಗಳನ್ನು ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ಕಾಗದದ ಬಿಲ್ಲೆಗೆ ಹಾಕಿ, ಅಗಾರ್ ಎಂಬ ಜೆಲ್ಲಿಯಂಥ ಪದಾರ್ಥದ ಮೇಲೆ ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿಡುತ್ತಾರೆ. ಮರುದಿನ ಬಿಲ್ಲೆಯ ಸುತ್ತ ಬೆಳವಣಿಗೆಯಿಲ್ಲದ ತಿಳಿಯಾದ ವಲಯ ಕಾಣುತ್ತದೆ. ಸ್ಕೇಲು ಹಿಡಿದು ಅಳೆದು, 'ಈ ಗಿಡದ ಸಾರ 14 ಮಿಲಿಮೀಟರ್, ಆ ಗಿಡದ್ದು 11, ಆದ್ದರಿಂದ ಮೊದಲನೆಯದು ಹೆಚ್ಚು ಶಕ್ತ' ಎಂದು ಬರೆಯುತ್ತಾರೆ.

ತಪ್ಪಿರುವುದು ಆ ತೀರ್ಮಾನದಲ್ಲಿ. ಬಿಲ್ಲೆಯಿಂದ ಹೊರಟ ಪದಾರ್ಥ ಅಗಾರ್‌ನೊಳಗೆ ಎಷ್ಟು ದೂರ ಹರಡುತ್ತದೆ ಎಂಬುದು ಅದರ ಶಕ್ತಿಯನ್ನಷ್ಟೇ ಅವಲಂಬಿಸಿಲ್ಲ. ಅಣುವಿನ ಗಾತ್ರ, ಅದು ನೀರಿನಲ್ಲಿ ಕರಗುವ ಬಗೆ, ಅಗಾರ್‌ನ ದಪ್ಪ, ಹರಡಿದ ಬ್ಯಾಕ್ಟೀರಿಯಾದ ಸಾಂದ್ರತೆ ಇವೆಲ್ಲವೂ ಆ ವಲಯದ ಅಳತೆಯನ್ನು ನಿರ್ಧರಿಸುತ್ತವೆ. ಬಹಳ ಪ್ರಬಲವಾದ, ಆದರೆ ಎಣ್ಣೆಯಂಥ ಅಣು ಬಿಲ್ಲೆಯನ್ನು ಬಿಟ್ಟು ಕದಲದೆ ಚಿಕ್ಕ ವಲಯ ಕೊಡಬಹುದು. ಆಸ್ಪತ್ರೆಗಳಲ್ಲಿ ಇದೇ ವಿಧಾನ ನಂಬಿಕೆಗೆ ಅರ್ಹವಾಗಿರುವುದಕ್ಕೆ ಕಾರಣ, ಅಲ್ಲಿ ಗೊತ್ತಿರುವ ಔಷಧದ ಗೊತ್ತಿರುವ ಪ್ರಮಾಣವನ್ನು 4 ಮಿಲಿಮೀಟರ್ ದಪ್ಪದ ಮ್ಯುಲರ್-ಹಿಂಟನ್ ಎಂಬ ನಿಗದಿತ ಬಗೆಯ ಅಗಾರ್ ಮೇಲೆ, ಮಿಲಿಲೀಟರಿಗೆ ಒಂದೆರಡು ನೂರು ದಶಲಕ್ಷ ಜೀವಕೋಶಗಳಿರುವ ನಿಗದಿತ ದ್ರಾವಣ ಹರಡಿ ಪರೀಕ್ಷಿಸುತ್ತಾರೆ. ಆ ಔಷಧಕ್ಕೆಂದೇ ಮೊದಲೇ ಸಿದ್ಧಪಡಿಸಿದ ಕೋಷ್ಟಕದೊಂದಿಗೆ ಹೋಲಿಸುತ್ತಾರೆ. ಸಸ್ಯಸಾರಕ್ಕೆ ಅಂಥ ಕೋಷ್ಟಕವೇ ಇಲ್ಲ. ಜೊತೆಗೆ, ಮೆಥನಾಲನ್ನಷ್ಟೇ ಹಾಕಿದ ಬಿಲ್ಲೆಯೊಂದು ಅದೇ ತಟ್ಟೆಯಲ್ಲಿ ಇಲ್ಲದಿದ್ದರೆ ಬ್ಯಾಕ್ಟೀರಿಯಾವನ್ನು ತಡೆದದ್ದು ಎಲೆಯೋ ದ್ರಾವಕವೋ ಹೇಳಲು ಬರುವುದಿಲ್ಲ.

ನಿಮಗೆ ಈ ದಾರಿ ನಿಜವಾಗಿಯೂ ಇಷ್ಟವಿದ್ದರೆ ಮಾಡುವ ಕ್ರಮ ಬೇರೆ. ಗಿಡದ ಗುರುತನ್ನು ತಜ್ಞರಿಂದ ಖಚಿತಪಡಿಸಿಕೊಂಡು ಅದರ ಒಣಮಾದರಿಯನ್ನು ಸಂಖ್ಯೆ ಹಾಕಿ ಹರ್ಬೇರಿಯಂನಲ್ಲಿ ಇಡಬೇಕು. ವಲಯದ ಅಳತೆಯನ್ನು ಮೊದಲ ಸೂಚನೆಯಾಗಿ ಮಾತ್ರ ಇಟ್ಟುಕೊಂಡು, ದ್ರವ ಮಾಧ್ಯಮದಲ್ಲಿ ಸಾರವನ್ನು ಹಂತಹಂತವಾಗಿ ಅರ್ಧಕ್ಕಿಳಿಸುತ್ತ ಬೆಳವಣಿಗೆಯನ್ನು ತಡೆಯುವ ಕನಿಷ್ಠ ಪ್ರಮಾಣವನ್ನು ಕಂಡುಹಿಡಿಯಬೇಕು. ಮಿಲಿಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಬೇಕಾಗುವ ಕಚ್ಚಾ ಸಾರವನ್ನು ಈ ಕ್ಷೇತ್ರದವರು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. 100 ಮೈಕ್ರೊಗ್ರಾಂಗಿಂತ ಕೆಳಗೆ ಬಂದರೆ ಕಿವಿ ನಿಮಿರುತ್ತದೆ. ಆಮೇಲೆ ಯಾವ ಅಣು ಎಂದು ಬೇರ್ಪಡಿಸಲು ರಸಾಯನಶಾಸ್ತ್ರಜ್ಞರೊಬ್ಬರ ಜೊತೆ ಬೇಕೇ ಬೇಕು. ಅಂಥವರು ನಿಮ್ಮ ಪಕ್ಕದ ವಿಭಾಗದಲ್ಲಿ ಇಲ್ಲದಿದ್ದರೆ ಈ ದಾರಿಯನ್ನು ಬಿಡಿ.

ಅವಸರದ ಪ್ರಬಂಧಗಳು ಹೇಗೂ ಪ್ರಕಟವಾಗುತ್ತಿವೆಯಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. 2013ರಲ್ಲಿ ಸೈನ್ಸ್ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ವರದಿಗಾರರು ಒಂದು ಪರೀಕ್ಷೆ ಮಾಡಿದರು. ಕಲ್ಲುಹೂವಿನಿಂದ ತೆಗೆದ ಅಣುವೊಂದು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ ಕಟ್ಟುಕಥೆಯ ಪ್ರಬಂಧವನ್ನು, ಎದ್ದುಕಾಣುವ ತಪ್ಪುಗಳನ್ನು ಬೇಕೆಂದೇ ಸೇರಿಸಿ, ಮುಕ್ತ ಪ್ರಕಟಣೆಯ 304 ನಿಯತಕಾಲಿಕಗಳಿಗೆ ಕಳಿಸಿದರು. 157 ಪತ್ರಿಕೆಗಳು ಸ್ವೀಕರಿಸಿದವು. ಅವರು ಸೇರಿಸಿದ್ದ ತಪ್ಪುಗಳಲ್ಲಿ ಮುಖ್ಯವಾದದ್ದು ಹೋಲಿಕೆಗೆಂದು ಇಡುವ ಕಂಟ್ರೋಲ್ ಗುಂಪಿಗೆ ಸಂಬಂಧಿಸಿದ್ದು, ಅಂದರೆ ಮೇಲೆ ಹೇಳಿದ ಮೆಥನಾಲ್ ಬಿಲ್ಲೆಯಂಥದ್ದೇ. ಹಣ ಕೊಟ್ಟರೆ ಯಾವುದನ್ನಾದರೂ ಅಚ್ಚು ಹಾಕುವ ಪತ್ರಿಕೆಯಲ್ಲಿ ನಿಮ್ಮ ಹೆಸರು ಒಮ್ಮೆ ಬಂದರೆ ಅದನ್ನು ಅಳಿಸಲಾಗದು. ಜೊತೆಗೆ ನಿಮ್ಮ ವಿದ್ಯಾರ್ಥಿಗಳ ಹೆಸರೂ ಅದರಲ್ಲಿ ಇರುತ್ತದೆ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಒಂದು ಪತ್ರಿಕೆ ಸರಿಯೇ ಎಂದು ತಿಳಿಯಲು ನಾನು ಬಳಸುವ ಮಾರ್ಗ ಸರಳ: ಅದರಲ್ಲಿ ಇತ್ತೀಚೆಗೆ ಬಂದ ನಾಲ್ಕು ಪ್ರಬಂಧಗಳನ್ನು ಪೂರ್ತಿ ಓದುತ್ತೇನೆ. ಕಂಟ್ರೋಲ್ ಇಲ್ಲದ ಪ್ರಯೋಗ ಎರಡು ಸಿಕ್ಕರೆ ಅಲ್ಲಿಗೆ ಕಳಿಸುವುದಿಲ್ಲ.

ಕಡಿಮೆ ಸಾಮಗ್ರಿಯಲ್ಲಿ ಕೆಲಸ ಮಾಡುವವರು ಉಪಕರಣದ ಕೊರತೆಯಿಂದ ಸೋಲುವುದಕ್ಕಿಂತ ಪ್ರಯೋಗದ ವಿನ್ಯಾಸದಲ್ಲಿ ಎಡವುವುದೇ ಹೆಚ್ಚು. ನಾನು ಎಡವಿದ್ದನ್ನು ಹೇಳುತ್ತೇನೆ. ಕಾಲೇಜಿಗೆ ಸೇರಿದ ಎರಡನೆಯ ವರ್ಷ, ಆಹಾರದಲ್ಲಿ ಉಪ್ಪಿನಂಶ ಹೆಚ್ಚಾದರೆ ಹಣ್ಣುನೊಣಗಳ ಬೆಳವಣಿಗೆ ಎಷ್ಟು ತಡವಾಗುತ್ತದೆ ಎಂದು ನೋಡಲು ಹೊರಟೆ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು ಹತ್ತು ದಿನ ಸಾಕು; ಸಣ್ಣ ಕಾಲೇಜಿಗೆ ಹೇಳಿ ಮಾಡಿಸಿದ ಜೀವಿ. ಉಪ್ಪಿನ ಆಹಾರದ ಮೂವತ್ತು ಬಾಟಲಿಗಳನ್ನು ಇನ್‌ಕ್ಯುಬೇಟರಿನ ಕೆಳಗಿನ ಅಡ್ಡಹಲಗೆಯಲ್ಲೂ ಸಾಧಾರಣ ಆಹಾರದ ಮೂವತ್ತನ್ನು ಮೇಲಿನದರಲ್ಲೂ ಜೋಡಿಸಿದೆ, ತೆಗೆಯಲು ಅನುಕೂಲವಾಗಲಿ ಎಂದು. ಎರಡು ವರ್ಷ, ನಾಲ್ಕು ವಿದ್ಯಾರ್ಥಿಗಳು, ಕಣ್ಣಿಗೆ ಕಟ್ಟುವಂಥ ವ್ಯತ್ಯಾಸ. ಒಂದು ದಿನ ವಿದ್ಯಾರ್ಥಿನಿಯೊಬ್ಬಳು ಉಷ್ಣತಾಮಾಪಕವನ್ನು ಮೇಲಿನ ಹಲಗೆಯಿಂದ ಕೆಳಗಿನ ಹಲಗೆಗೆ ಇಟ್ಟು ಹಾಗೇ ನಿಂತುಬಿಟ್ಟಳು. ಕೆಳಗೆ ಎರಡೂವರೆ ಡಿಗ್ರಿ ಕಡಿಮೆಯಿತ್ತು. ನಾವು ಅಳೆದಿದ್ದು ಉಪ್ಪಿನ ಪರಿಣಾಮವನ್ನೋ ಹಲಗೆಯ ಪರಿಣಾಮವನ್ನೋ ತಿಳಿಯುವ ದಾರಿಯೇ ಉಳಿದಿರಲಿಲ್ಲ. ಅರವತ್ತು ಬಾಟಲಿಗಳಿದ್ದರೂ ಆ ಪ್ರಯೋಗದಲ್ಲಿ ಹೋಲಿಕೆ ನಡೆದದ್ದು ಎರಡೇ ಹಲಗೆಗಳ ನಡುವೆ.

ಇದನ್ನು ಹುಸಿ ಪುನರಾವರ್ತನೆ ಎನ್ನುತ್ತಾರೆ. 1984ರಲ್ಲಿ ಸ್ಟುವರ್ಟ್ ಹರ್ಲ್ಬರ್ಟ್ ಎಂಬ ಪರಿಸರ ವಿಜ್ಞಾನಿ ಅದುವರೆಗೆ ಪ್ರಕಟವಾಗಿದ್ದ 176 ಪ್ರಾಯೋಗಿಕ ಅಧ್ಯಯನಗಳನ್ನು ಪರಿಶೀಲಿಸಿ ಅವುಗಳಲ್ಲಿ ಶೇಕಡಾ 27ರಲ್ಲಿ ಈ ದೋಷವನ್ನು ಕಂಡರು. ಅವೆಲ್ಲ ಪ್ರತಿಷ್ಠಿತರ ಕೈಯಿಂದ ಬಂದ ಅಧ್ಯಯನಗಳೇ. ಪರಿಹಾರಕ್ಕೆ ಖರ್ಚಿಲ್ಲ: ಚೀಟಿ ಎತ್ತಿ ಬಾಟಲಿಗಳ ಜಾಗ ನಿರ್ಧರಿಸಿ, ದಿನಕ್ಕೊಮ್ಮೆ ಜಾಗ ಬದಲಿಸಿ, ಎಣಿಸುವವರಿಗೆ ಯಾವ ಬಾಟಲಿ ಯಾವ ಗುಂಪಿನದೆಂದು ತಿಳಿಯದಂತೆ ಸಂಕೇತ ಹಾಕಿ.

ಈಗ ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಹರ್ಬೇರಿಯಂ ಕಪಾಟಿನ ಮೇಲೆ. ನೀವು ಅದನ್ನು ಪಟ್ಟಿಯ ಕೊನೆಗೆ ಹಾಕಿದ್ದೀರಿ. ನಾನಾಗಿದ್ದರೆ ಮೊದಲಿಗೆ ಬರೆಯುತ್ತಿದ್ದೆ. 1987ರಲ್ಲಿ ಸಸ್ಯವಿಜ್ಞಾನಿ ಇಯಾನ್ ವುಡ್‌ವರ್ಡ್ ಅವರು ಹರ್ಬೇರಿಯಂನ ಹಳೆಯ ಎಲೆಗಳಲ್ಲಿ ಪತ್ರರಂಧ್ರಗಳನ್ನು, ಅಂದರೆ ಗಾಳಿ ಮತ್ತು ನೀರಾವಿ ಹಾಯುವ ಸೂಕ್ಷ್ಮ ತೂತುಗಳನ್ನು, ಎಣಿಸಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಎರಡು ಶತಮಾನಗಳಲ್ಲಿ ಕೆಲವು ಮರಗಳ ಪತ್ರರಂಧ್ರ ಸಾಂದ್ರತೆ ಶೇಕಡಾ 40ರಷ್ಟು ಇಳಿದಿದೆ ಎಂದು ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಗಾಳಿಯಲ್ಲಿ ಬೇಕಾದ ಅನಿಲ ಹೆಚ್ಚಿದ್ದರೆ ಎಲೆಗೆ ಅಷ್ಟು ಬಾಗಿಲುಗಳ ಅಗತ್ಯವಿಲ್ಲ, ಬಾಗಿಲು ಕಡಿಮೆಯಾದಷ್ಟೂ ನೀರು ಉಳಿಯುತ್ತದೆ. ಎಲ್ಲ ಜಾತಿಗಳೂ ಹೀಗೆ ವರ್ತಿಸುವುದಿಲ್ಲ, ಏಕೆ ವರ್ತಿಸುವುದಿಲ್ಲ ಎಂಬ ಪ್ರಶ್ನೆ ಇಂದಿಗೂ ತೆರೆದೇ ಇದೆ. ನಿಮ್ಮ ಕಪಾಟಿನಲ್ಲಿ ಮೂವತ್ತು ನಲವತ್ತು ವರ್ಷಗಳ ಹಿಂದೆ ದಿನಾಂಕ ಮತ್ತು ಜಾಗ ಬರೆದಿಟ್ಟ ಹಾಳೆಗಳಿದ್ದರೆ, ಅದೇ ಜಾಗಗಳಿಗೆ ಹೋಗಿ ಅದೇ ಜಾತಿಯ ಎಲೆ ತಂದು ಹೋಲಿಸುವ ಕೆಲಸವನ್ನು ಜಗತ್ತಿನಲ್ಲಿ ನೀವಲ್ಲದೆ ಬೇರೆ ಯಾರೂ ಮಾಡಲಾರರು.

ಹಸಿ ಎಲೆಯ ಕೆಳಮೈಗೆ ಬಣ್ಣವಿಲ್ಲದ ಉಗುರುಬಣ್ಣವನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಪಾರದರ್ಶಕ ಟೇಪಿನಿಂದ ಎತ್ತಿ ಗಾಜಿನ ಪಟ್ಟಿಗೆ ಅಂಟಿಸಿದರೆ ಎಲೆಯ ಮೇಲ್ಮೈಯ ಅಚ್ಚು 400 ಪಟ್ಟು ವರ್ಧನೆಯಲ್ಲಿ ಚೆನ್ನಾಗಿ ಕಾಣುತ್ತದೆ. ತುಟಿಗಳಂತೆ ಎದುರುಬದುರಾಗಿ ಕುಳಿತ ಕಾವಲು ಕೋಶಗಳನ್ನು ಮೊದಲ ಸಲ ನೋಡಿದ ವಿದ್ಯಾರ್ಥಿ ಕಣ್ಣು ತೆಗೆಯದೆ ಎಣಿಸತೊಡಗುವುದನ್ನು ನೋಡುವುದೇ ಒಂದು ಸಂತೋಷ. ಅಪಾಯಗಳೂ ಇವೆ. ಒಣಗಿದ ಹರ್ಬೇರಿಯಂ ಎಲೆಗೆ ಹೀಗೆ ಮಾಡಿದರೆ ಹೊರಪೊರೆಯೇ ಕಿತ್ತು ಬರಬಹುದು. ಆದ್ದರಿಂದ ಹಾಳೆಯ ಮೂಲೆಯ ಲಕೋಟೆಯಲ್ಲಿ ಉದುರಿಬಿದ್ದ ಚೂರುಗಳಿದ್ದರೆ ಅವುಗಳ ಮೇಲೆ ಮೊದಲು ಪ್ರಯತ್ನಿಸಿ, ಸಂಗ್ರಹದ ಹೊಣೆ ಹೊತ್ತವರ ಲಿಖಿತ ಅನುಮತಿ ಪಡೆದು ಮುಂದುವರಿಯಿರಿ. ಒಣಗುವಾಗ ಎಲೆ ಕುಗ್ಗುವುದರಿಂದ ಚದರ ಮಿಲಿಮೀಟರಿಗೆ ಎಷ್ಟು ಎಂಬ ಲೆಕ್ಕ ಹಸಿ ಎಲೆಯೊಂದಿಗೆ ನೇರವಾಗಿ ಹೊಂದುವುದಿಲ್ಲ. ಅದಕ್ಕೆ ಒಟ್ಟು ಹೊರಪೊರೆಯ ಕೋಶಗಳಲ್ಲಿ ಪತ್ರರಂಧ್ರಗಳ ಪಾಲು ಎಷ್ಟು ಎಂಬ, 1927ರಲ್ಲಿ ಸಸ್ಯಶಾಸ್ತ್ರಜ್ಞ ಸ್ಯಾಲಿಸ್ಬರಿ ಸೂಚಿಸಿದ ಸೂಚ್ಯಂಕವನ್ನು ಬಳಸಿ. ಎಲೆ ಹಿಗ್ಗಿದರೂ ಕುಗ್ಗಿದರೂ ಆ ಅನುಪಾತ ಅಷ್ಟಾಗಿ ಬದಲಾಗುವುದಿಲ್ಲ. ಬಿಸಿಲಿನ ಎಲೆ ಮತ್ತು ನೆರಳಿನ ಎಲೆಯ ನಡುವೆಯೇ ದೊಡ್ಡ ವ್ಯತ್ಯಾಸವಿರುತ್ತದೆ ಎಂಬುದನ್ನೂ ಗಮನದಲ್ಲಿಡಿ. ಒಂದೇ ಎಲೆಯಲ್ಲಿ ಹತ್ತು ಕಡೆ ಎಣಿಸಿದರೆ ಹತ್ತು ಮಾದರಿಗಳಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಎಷ್ಟು ಗಿಡಗಳು ಎಂಬುದು. ನನ್ನ ಅಡ್ಡಹಲಗೆಯ ಕಥೆ ಇಲ್ಲಿ ಮತ್ತೊಮ್ಮೆ ಅನ್ವಯಿಸುತ್ತದೆ.

ಸೂಕ್ಷ್ಮಾಣುಗಳತ್ತ ನಿಮ್ಮ ಒಲವಿದ್ದರೆ ಮಣ್ಣಿನ ಫೇಜ್‌ಗಳು ಇನ್ನೊಂದು ದಾರಿ. ಇನ್‌ಕ್ಯುಬೇಟರ್ ಮತ್ತು ಆಟೊಕ್ಲೇವ್ ನಿಮ್ಮಲ್ಲಿವೆ. ಸೂಕ್ಷ್ಮ ಸೋಸುಕಗಳು ಮತ್ತು ಫೇಜ್‌ಗಳು ಬೆಳೆಯಲು ಆತಿಥೇಯವಾಗುವ, ರೋಗಕಾರಕವಲ್ಲದ ಒಂದು ಬ್ಯಾಕ್ಟೀರಿಯಾ ಬೇಕಾಗುತ್ತದೆ. ಇಲ್ಲಿ ಸುರಕ್ಷತೆಯ ಬಗ್ಗೆ ಕಟ್ಟುನಿಟ್ಟಾಗಿರಬೇಕು. ಬಾಗಿಲಿನ ಹಿಡಿಕೆ, ಮೊಬೈಲ್, ಚರ್ಮ ಇವುಗಳಿಂದ ಅಪರಿಚಿತ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಪ್ರಯೋಗವನ್ನು ನಿರಪಾಯವೆಂದು ಅನೇಕರು ತಿಳಿದಿದ್ದಾರೆ. ಒಂದೇ ಒಂದು ಜೀವಕೋಶ ತಟ್ಟೆಯ ಮೇಲೆ ಕೋಟಿಗಟ್ಟಲೆಯಾಗಿ ಬೆಳೆದಿರುತ್ತದೆ, ಅದು ಯಾವುದೆಂದು ನಿಮಗೆ ಗೊತ್ತಿರುವುದಿಲ್ಲ. ಅಂಥ ತಟ್ಟೆಗಳನ್ನು ಅಂಟುಪಟ್ಟಿಯಿಂದ ಮುಚ್ಚಿ, ತೆರೆಯದೆಯೇ ನೋಡಿ, 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿ ಎಸೆಯಬೇಕು. ತುಂಬಿದ ತ್ಯಾಜ್ಯದ ಚೀಲದ ನಡುಭಾಗಕ್ಕೆ ಬಿಸಿ ತಲುಪಲು ಮಾಧ್ಯಮಕ್ಕೆ ಕೊಡುವ ಹದಿನೈದು ಇಪ್ಪತ್ತು ನಿಮಿಷ ಸಾಲದು. ವಿದ್ಯಾರ್ಥಿಗಳ ದೇಹದಿಂದ ತೆಗೆಯುವ ಯಾವುದೇ ಮಾದರಿಗೂ ಬೆನ್ನೆಲುಬಿರುವ ಯಾವುದೇ ಪ್ರಾಣಿಯ ಮೇಲಿನ ಪ್ರಯೋಗಕ್ಕೂ ನೀತಿಸಮಿತಿಯ ಒಪ್ಪಿಗೆ ಮೊದಲೇ ಬೇಕು. ಅಂಥ ಸಮಿತಿಯಿಲ್ಲದ ಕಾಲೇಜಿನಲ್ಲಿ ಗಿಡ, ಕೀಟ ಮತ್ತು ಮಣ್ಣನ್ನು ನೆಚ್ಚಿಕೊಳ್ಳುವುದು ಜಾಣತನ.

ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಸಂಶೋಧನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೆನ್‌ಬ್ಯಾಂಕಿನ ಡಿಎನ್‌ಎ ಸರಣಿಗಳೂ ಜೀವಿಗಳ ದಾಖಲೆಗಳ ಜಾಗತಿಕ ಭಂಡಾರವಾದ ಜಿಬಿಐಎಫ್‌ ಕೂಡ ಉಚಿತವಾಗಿ ಸಿಗುತ್ತವೆ, ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಮತ್ತು ಚಿತ್ರಗಳನ್ನು ಅಳೆಯಲು ಬಳಸುವ ಇಮೇಜ್‌ಜೆ ತಂತ್ರಾಂಶಗಳಿಗೂ ಹಣ ಕೊಡಬೇಕಿಲ್ಲ. ಆದರೆ ಅಲ್ಲಿ ನಿಮ್ಮ ಸ್ಪರ್ಧೆ ಮತ್ತೆ ಇಡೀ ಜಗತ್ತಿನೊಂದಿಗೆ. ನಿಮ್ಮದೇ ಆದ ಮಾದರಿಗಳಿಗೆ ಪೂರಕವಾಗಿ ಅದನ್ನು ಬಳಸಿದರೆ ಮಾತ್ರ ನಿಮ್ಮ ಕೈ ಮೇಲಾಗುತ್ತದೆ.

ಹಳೆಯ ಲ್ಯಾಬಿನ ಪ್ರಶ್ನೆಗೆ ಬರೋಣ. ಮೊದಲ ಎರಡು ವರ್ಷ ರಜೆಯಲ್ಲಿ ಹೋಗಿ ಬಾಕಿ ಉಳಿದ ಪ್ರಬಂಧಗಳನ್ನು ಮುಗಿಸುವುದು ಖಂಡಿತ ಒಳ್ಳೆಯದು. ಸಂಪರ್ಕ ಉಳಿಯುತ್ತದೆ, ಪ್ರಕಟಣೆಯ ಒತ್ತಡವೂ ಸ್ವಲ್ಪ ಇಳಿಯುತ್ತದೆ. ಅದನ್ನೇ ಕಾಯಂ ದಾರಿ ಮಾಡಿಕೊಳ್ಳಬೇಡಿ. ಹಾಗೆ ಮಾಡಿಕೊಂಡ ಇಬ್ಬರು ಗೆಳೆಯರು ಹತ್ತು ವರ್ಷಗಳ ನಂತರ ಮಾದರಿ ಸಂಗ್ರಹಿಸಿ ಕೊಡುವವರಾಗಿ, ಲೇಖಕರ ಪಟ್ಟಿಯ ನಡುವೆಲ್ಲೋ ಉಳಿದುಬಿಟ್ಟದ್ದನ್ನು ನೋಡಿದ್ದೇನೆ. ಅವರ ವಿದ್ಯಾರ್ಥಿಗಳಿಗೆ ಆ ಕೆಲಸದಲ್ಲಿ ಪಾಲೇ ಇರಲಿಲ್ಲ. ಸಹಯೋಗಕ್ಕೆ ನೀವು ಹೋಗುವುದಾದರೆ ನಿಮ್ಮ ಪ್ರಶ್ನೆಯನ್ನು ಹಿಡಿದುಕೊಂಡು ಹೋಗಿ: ಎಲೆ ನಮ್ಮದು, ಎಣಿಕೆ ನಮ್ಮದು, ಡಿಎನ್‌ಎ ಓದಿಕೊಡುವ ಭಾಗ ನಿಮ್ಮದು ಎಂದು. ಯಾರ ಹೆಸರು ಎಲ್ಲಿ ಬರುತ್ತದೆ, ದತ್ತಾಂಶ ಯಾರ ಬಳಿ ಇರುತ್ತದೆ ಎಂಬುದನ್ನು ಮೊದಲ ಮಾದರಿ ಕಳಿಸುವ ಮುಂಚೆಯೇ ಬರೆದುಕೊಳ್ಳಿ. ಸ್ನೇಹಿತರ ನಡುವೆ ಇದು ಮುಜುಗರ ಎನಿಸುತ್ತದೆ, ಆದರೂ ಬರೆದುಕೊಳ್ಳಿ.

ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಹೊರಟುಹೋಗುವುದೇ ಸಣ್ಣ ಕಾಲೇಜಿನ ದೊಡ್ಡ ತೊಡಕು. ನನ್ನ ಫ್ರಿಜ್ಜಿನಲ್ಲಿ ಒಮ್ಮೆ 'ಹೊಸದು-2, ಸರಿಯಾದದ್ದು' ಎಂದಷ್ಟೇ ಬರೆದಿದ್ದ ಹನ್ನೊಂದು ನಳಿಕೆಗಳು ಸಿಕ್ಕವು. ಬರೆದ ಹುಡುಗ ಆ ಹೊತ್ತಿಗೆ ಬೇರೆ ಊರಿನಲ್ಲಿ ಬೇರೆ ಉದ್ಯೋಗದಲ್ಲಿದ್ದ. ಹನ್ನೊಂದನ್ನೂ ಎಸೆಯಬೇಕಾಯಿತು. ಆಮೇಲೆ ಮಾಡಿದ ನಿಯಮ ಇದು: ಬರೆದವರು ಪಕ್ಕದಲ್ಲಿ ಇಲ್ಲದೆಯೇ ಮತ್ತೊಬ್ಬ ವಿದ್ಯಾರ್ಥಿ ನೋಟ್‌ಬುಕ್ಕನ್ನು ಓದಿ ಪ್ರಯೋಗವನ್ನು ಮಾಡಲು ಸಾಧ್ಯವಾದರೆ ಮಾತ್ರ ಆ ಕೆಲಸ ಮುಗಿದಂತೆ. ವರ್ಷದ ಕೊನೆಯ ಎರಡು ವಾರ ಹೊರಡುವವರು ಬರುವವರಿಗೆ ಕಲಿಸಬೇಕು, ಹೊಸಬರು ಹಳಬರ ಹತ್ತು ಎಣಿಕೆಗಳನ್ನು ಮತ್ತೆ ಮಾಡಿ ತೋರಿಸಬೇಕು. ಎಣಿಕೆ ಹೊಂದದಿದ್ದರೆ ಯಾರನ್ನೂ ಗದರದೆ, ಎಲ್ಲಿ ಬೇರೆಯಾಯಿತು ಎಂದು ಇಬ್ಬರೂ ಕೂಡಿ ಹುಡುಕಬೇಕು. ಪ್ರಾಯೋಗಿಕ ಪರೀಕ್ಷೆಯ ಅಂಕವನ್ನು ಫಲಿತಾಂಶಕ್ಕೆ ಕೊಡದೆ ದಾಖಲೆಯ ಶುದ್ಧಿಗೆ ಕೊಡಿ. ನಿರೀಕ್ಷಿತ ಉತ್ತರಕ್ಕೆ ಅಂಕ ಎಂದಾದ ಕೂಡಲೇ ಸಂಖ್ಯೆಗಳು ತಾವಾಗಿಯೇ ಚೆಂದವಾಗತೊಡಗುತ್ತವೆ.

ನಿಮ್ಮ 18 ಗಂಟೆಗಳ ಸಮಸ್ಯೆಗೂ ಉತ್ತರ ಇಲ್ಲೇ ಇದೆ. ಪಾಠದ ಹೊರಗೆ ಸಂಶೋಧನೆಗೆ ಸಮಯ ಹುಡುಕುತ್ತ ಹೋದರೆ ಅದು ರಾತ್ರಿಗಳನ್ನು ತಿಂದುಹಾಕುತ್ತದೆ. ಪತ್ರರಂಧ್ರದ ಎಣಿಕೆ ಹೇಗೂ ಪಠ್ಯದಲ್ಲಿರುವ ಪ್ರಯೋಗ. ಯಾವುದೋ ಎಲೆಯ ಬದಲು ಸಂಖ್ಯೆ ಹಾಕಿದ ಎಲೆಯನ್ನು ಕೊಟ್ಟರೆ ಅದೇ ತರಗತಿ ಸಂಶೋಧನೆಯಾಗುತ್ತದೆ. ಇದಕ್ಕೆ ಒಂದು ಮಿತಿ ಹಾಕಿಕೊಳ್ಳಿ: ವಿದ್ಯಾರ್ಥಿಗಳು ಕೂಲಿಯಿಲ್ಲದ ಕೆಲಸಗಾರರಲ್ಲ. ಏಕೆ ಎಣಿಸುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಬೇಕು, ಕೆಲಸದಲ್ಲಿ ನಿಜವಾದ ಪಾಲಿದ್ದವರ ಹೆಸರು ಪ್ರಬಂಧದಲ್ಲಿ ಇರಬೇಕು.

ಆಡಳಿತದವರಿಗೆ ಏನು ಹೇಳುವುದು? ವರ್ಷಕ್ಕೆ ಎರಡು ಪ್ರಬಂಧ ಆಗುವುದಿಲ್ಲ ಎಂದು ಸುಮ್ಮನೆ ಹೇಳಿದರೆ ಅದು ನೆಪವಾಗಿ ಕೇಳಿಸುತ್ತದೆ. ಮೂರು ವರ್ಷಗಳ ಯೋಜನೆಯೊಂದನ್ನು ಎರಡು ಪುಟದಲ್ಲಿ ಬರೆದು ಕೊಡಿ: ಮೊದಲ ವರ್ಷ ವಿಧಾನ ಮತ್ತು ಹರ್ಬೇರಿಯಂ ಪಟ್ಟಿ, ಎರಡನೆಯ ವರ್ಷ ದತ್ತಾಂಶ, ಮೂರನೆಯ ವರ್ಷ ಪ್ರಬಂಧ. ಕಪಾಟಿನ ಹಾಳೆಗಳ ವಿವರವನ್ನು ಗಣಕೀಕರಿಸಿ ಸಾರ್ವಜನಿಕ ಭಂಡಾರಕ್ಕೆ ಸೇರಿಸಿದರೆ ಅದೇ ಒಂದು ದತ್ತಾಂಶ ಪ್ರಬಂಧವಾಗುತ್ತದೆ. ಒಂದೇ ಪ್ರಯೋಗದ ಒಂದೇ ಫಲಿತಾಂಶವನ್ನು ತಜ್ಞರ ವಿಮರ್ಶೆಯೊಂದಿಗೆ ಪ್ರಕಟಿಸುವ ಮೈಕ್ರೊಪಬ್ಲಿಕೇಶನ್ ಬಯಾಲಜಿಯಂಥ ಪತ್ರಿಕೆಗಳಿವೆ. 'ವ್ಯತ್ಯಾಸ ಕಾಣಲಿಲ್ಲ' ಎಂಬ ಫಲಿತಾಂಶಕ್ಕೂ ಅಲ್ಲಿ ಜಾಗವಿದೆ. ಇಷ್ಟಾದರೂ ಒತ್ತಡ ನಿಲ್ಲದಿರಬಹುದು. ಆಗ ನಿಧಾನವಾದವರು ಎಂಬ ಮಾತನ್ನು ಕೆಲವು ಕಾಲ ಕೇಳಿಸಿಕೊಳ್ಳಬೇಕಾಗುತ್ತದೆ, ಬಡ್ತಿಯೂ ತಡವಾಗಬಹುದು. ಈ ನಷ್ಟ ಚಿಕ್ಕದೆಂದು ನಾನು ಹೇಳಲಾರೆ, ನನಗೂ ಆಗಿದೆ.

ಮೆಂಡೆಲ್ ಬಟಾಣಿ ಗಿಡಗಳ ಪ್ರಯೋಗವನ್ನು 1856ರಲ್ಲಿ ಆರಂಭಿಸುವ ಮೊದಲು ಎರಡು ವರ್ಷಗಳನ್ನು, 34 ತಳಿಗಳನ್ನು ಬೆಳೆಸಿ ಅವು ಪೀಳಿಗೆಯಿಂದ ಪೀಳಿಗೆಗೆ ಬದಲಾಗದೆ ಬರುತ್ತವೆಯೇ ಎಂದು ನೋಡುವುದಕ್ಕೇ ಕೊಟ್ಟರು, ಕೊನೆಗೆ 22ನ್ನು ಉಳಿಸಿಕೊಂಡರು. ನಿಮಗೂ ಅಂಥ ಒಂದು ತಯಾರಿಯ ಅವಧಿ ಬೇಕು. ಈ ಸೆಮಿಸ್ಟರಿನಲ್ಲಿ ಸಂಶೋಧನೆ ಎಂಬ ಪದವನ್ನೇ ಮರೆತು ಮೂರು ಕೆಲಸ ಮಾಡಿ. ಕಪಾಟಿನ ಪ್ರತಿ ಹಾಳೆಯನ್ನೂ ತೆರೆದು ಜಾತಿ, ಜಾಗ, ದಿನಾಂಕ ಮೂರೂ ಸ್ಪಷ್ಟವಾಗಿರುವವು ಎಷ್ಟು ಎಂದು ಎಣಿಸಿ. ಇನ್‌ಕ್ಯುಬೇಟರಿನ ಪ್ರತಿ ಹಲಗೆಯಲ್ಲೂ ಒಂದು ವಾರ ಉಷ್ಣತಾಮಾಪಕವಿಟ್ಟು ಬರೆದುಕೊಳ್ಳಿ. ಕಾಲೇಜಿನ ಆವರಣದ ಒಂದೇ ಜಾತಿಯ ಹತ್ತು ಗಿಡಗಳಿಂದ ಗಿಡಕ್ಕೆ ಮೂರರಂತೆ ಎಲೆ ತೆಗೆದು, ಇಬ್ಬರು ವಿದ್ಯಾರ್ಥಿಗಳಿಂದ ಒಬ್ಬರ ಎಣಿಕೆ ಇನ್ನೊಬ್ಬರಿಗೆ ಕಾಣದಂತೆ ಪತ್ರರಂಧ್ರಗಳ ಎಣಿಕೆ ಮಾಡಿಸಿ. ಇಬ್ಬರ ನಡುವಿನ ವ್ಯತ್ಯಾಸ ನೂರಕ್ಕೆ ಐದರೊಳಗೆ ಬರುವವರೆಗೂ ಅಭ್ಯಾಸ ಮುಂದುವರಿಯಲಿ. ಗಿಡದಿಂದ ಗಿಡಕ್ಕೆ ಎಷ್ಟು ಏರುಪೇರಿದೆ ಎಂಬುದು ಗೊತ್ತಾದ ಮೇಲೆ, ಹಳೆಯ ಹಾಳೆಗಳೊಂದಿಗೆ ಹೋಲಿಸಲು ಎಷ್ಟು ಗಿಡ ಬೇಕೆಂದು ಲೆಕ್ಕ ಹಾಕಬಹುದು. ಆ ಮೂವತ್ತು ಎಲೆಗಳ ಸಂಖ್ಯೆಗಳನ್ನು ನನಗೆ ಕಳಿಸಿ, ಲೆಕ್ಕವನ್ನು ಒಟ್ಟಿಗೆ ಮಾಡೋಣ.